ಜನ ಹೆಚ್ಚಿದರು, ರಾತ್ರಿಗಳು ಕರಗಿದವು: ಒಂದು ಪ್ರವಾಸಿ ಪ್ರದೇಶದ ಪ್ರಕರಣ ಅಧ್ಯಯನ

ವಾರ್ಷಿಕ ವರದಿಯ ಮುಖಪುಟದಲ್ಲಿ ‘ಹಿಂದೆಂದೂ ಕಾಣದಷ್ಟು ಪ್ರವಾಸಿಗರು’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ವಾರವೇ, ಅದೇ ಪ್ರದೇಶದ ಹಳೆಯ ಲಾಡ್ಜೊಂದರ ಮಾಲೀಕರು ತಮ್ಮ ಮೇಲಿನ ಮಹಡಿಗೆ ಬೀಗ ಹಾಕಿದರು. ಎರಡೂ ಸುದ್ದಿ ನನ್ನ ಮೇಜಿಗೆ ಒಂದೇ ದಿನ ಬಂದವು. ಆ ಪ್ರದೇಶದ ಪ್ರವಾಸೋದ್ಯಮ ಸಮಿತಿಯಲ್ಲಿ ಅಂಕಿಅಂಶಗಳ ಕೆಲಸ ನನ್ನದಾಗಿತ್ತು. ವರದಿಯ ಸಂಖ್ಯೆಯನ್ನು ಕೂಡಿಸಿದವನೂ ನಾನೇ. ಹಾಗಾಗಿ ಆ ಬೀಗಕ್ಕೆ ಉತ್ತರ ಹುಡುಕುವ ಹೊಣೆಯೂ ನನ್ನ ಮೇಲಿತ್ತು.

ಪ್ರದೇಶದ ಹೆಸರು, ಸಮಿತಿಯ ಹೆಸರು, ವ್ಯಕ್ತಿಗಳ ಗುರುತು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅಲ್ಲಿನ ಮೂಲ ಅಂಕಿಗಳನ್ನೂ ಬಿಟ್ಟಿದ್ದೇನೆ, ಏಕೆಂದರೆ ಅಂಕಿಯಿಂದಲೇ ಊರು ಪತ್ತೆಯಾಗುತ್ತದೆ. ಲೆಕ್ಕ ವಿವರಿಸುವಾಗ ಬರುವ ಸಂಖ್ಯೆಗಳು ಉದಾಹರಣೆಗೆ ಮಾತ್ರ.

ಹಿನ್ನೆಲೆ

ಗುಡ್ಡಗಾಡು ಪ್ರದೇಶ. ಒಂದು ಜಲಪಾತ, ಒಂದು ಹಳೆಯ ಕೋಟೆ, ಒಂದು ದೊಡ್ಡ ಕೆರೆ. ಬಹಳ ವರ್ಷಗಳ ಕಾಲ ಹತ್ತಿರದ ಮಹಾನಗರದಿಂದ ಇಲ್ಲಿಗೆ ಬರಲು ಅರ್ಧ ದಿನ ಬೇಕಿತ್ತು. ಬಂದವರು ಅಷ್ಟು ದೂರ ಬಂದ ಮೇಲೆ ಎರಡು ಮೂರು ದಿನ ಉಳಿದೇ ಹೋಗುತ್ತಿದ್ದರು. ಲಾಡ್ಜುಗಳು, ಸಣ್ಣ ವಸತಿಗೃಹಗಳು, ಊಟದ ಮನೆಗಳು, ದಾರಿ ತೋರಿಸುವ ಗೈಡುಗಳು, ಎಲ್ಲರ ಬದುಕೂ ಆ ಎರಡು ಮೂರು ರಾತ್ರಿಗಳ ಮೇಲೆ ನಿಂತಿತ್ತು.

ನಂತರ ರಸ್ತೆ ಅಗಲವಾಯಿತು. ಪ್ರಯಾಣದ ಸಮಯ ಅರ್ಧಕ್ಕಿಂತಲೂ ಕಡಿಮೆಯಾಯಿತು. ಇಡೀ ಪ್ರದೇಶ ವರ್ಷಗಟ್ಟಲೆ ಕೇಳಿಕೊಂಡು ಬಂದಿದ್ದ ರಸ್ತೆ ಅದು. ಅದನ್ನು ಬೇಡಿದವರಲ್ಲಿ ಲಾಡ್ಜು ಮಾಲೀಕರೇ ಮುಂದಿದ್ದರು.

ಸಮಿತಿಯ ವಾರ್ಷಿಕ ಅನುದಾನ ಪ್ರವಾಸಿಗರ ಸಂಖ್ಯೆಗೆ ತಳಕು ಹಾಕಿಕೊಂಡಿತ್ತು. ಸಂಖ್ಯೆ ಏರಿದರೆ ಹಣ, ಇಳಿದರೆ ಪ್ರಶ್ನೆ. ಈ ಒಂದು ನಿಯಮ ಮುಂದಿನ ಎಷ್ಟೋ ನಿರ್ಧಾರಗಳನ್ನು ಒಳಗೊಳಗೇ ರೂಪಿಸಿತು ಎಂಬುದು ನನಗೆ ತಡವಾಗಿ ಹೊಳೆಯಿತು.

ಸಮಸ್ಯೆ ಎಲ್ಲಿತ್ತು

ಮೊದಲಿಗೆ ಆ ‘ದಾಖಲೆ’ಯ ಸಂಖ್ಯೆಯನ್ನೇ ಬಿಡಿಸಿ ನೋಡಿದೆ. ಜಲಪಾತದ ಟಿಕೆಟ್, ಕೋಟೆಯ ಟಿಕೆಟ್, ಕೆರೆಯ ಬಳಿಯ ವಾಹನ ನಿಲುಗಡೆಯ ಚೀಟಿ, ಈ ಮೂರನ್ನೂ ಕೂಡಿಸಿ ಬಂದ ಮೊತ್ತ ಅದು. ಬೆಳಿಗ್ಗೆ ಜಲಪಾತ, ಮಧ್ಯಾಹ್ನ ಕೋಟೆ, ಸಂಜೆ ಕೆರೆ ನೋಡಿ ಮನೆಗೆ ಮರಳಿದ ಒಬ್ಬ ವ್ಯಕ್ತಿ ನಮ್ಮ ಪುಸ್ತಕದಲ್ಲಿ ಮೂವರಾಗಿದ್ದ. ಅದೇ ಊರಿನಲ್ಲಿ ನಾಲ್ಕು ರಾತ್ರಿ ತಂಗಿ, ಒಂದು ಬಾರಿ ಜಲಪಾತಕ್ಕೆ ಹೋಗಿಬಂದವಳು ಒಬ್ಬಳೇ ಆಗಿದ್ದಳು. ಪ್ರದೇಶಕ್ಕೆ ಹೆಚ್ಚು ಕೊಟ್ಟವಳು ಲೆಕ್ಕದಲ್ಲಿ ಕಡಿಮೆ ತೂಗುತ್ತಿದ್ದಳು.

ಈ ಗೊಂದಲ ಹೊಸದೇನಲ್ಲ. ವಿಶ್ವಸಂಸ್ಥೆಯ 2008ರ ಪ್ರವಾಸೋದ್ಯಮ ಅಂಕಿಅಂಶ ಶಿಫಾರಸುಗಳು ಇದಕ್ಕೆಂದೇ ಪದಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿವೆ. ತನ್ನ ನಿತ್ಯದ ಪರಿಸರವನ್ನು ಬಿಟ್ಟು, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ, ಹೋದ ಜಾಗದಲ್ಲಿ ಸಂಬಳದ ಕೆಲಸಕ್ಕೆ ಸೇರುವ ಉದ್ದೇಶವಿಲ್ಲದೆ ಹೋಗುವವರೆಲ್ಲ ಸಂದರ್ಶಕರು. ಅವರಲ್ಲಿ ಕನಿಷ್ಠ ಒಂದು ರಾತ್ರಿ ತಂಗುವವರು ಒಂದು ಗುಂಪು. ಅದೇ ದಿನ ಮರಳುವವರು ಇನ್ನೊಂದು ಗುಂಪು. ‘ನಿತ್ಯದ ಪರಿಸರ’ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಮಾತ್ರ ಆಯಾ ದೇಶಕ್ಕೆ ಬಿಡಲಾಗಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಸಮೀಕ್ಷೆ ಮನೆಯಿಂದ ಕನಿಷ್ಠ 40 ಕಿಲೋಮೀಟರ್ ದೂರದಲ್ಲಿ ತಂಗಿದರೆ ಮಾತ್ರ ಅದನ್ನು ರಾತ್ರಿ ಪ್ರವಾಸ ಎಂದು ಎಣಿಸುತ್ತಿತ್ತು. ಈ ಗಡಿಯನ್ನು ಬೇರೆ ಕಡೆ ಎಳೆದರೆ ಪ್ರವಾಸಗಳ ಸಂಖ್ಯೆಯೇ ಬೇರೆಯಾಗುತ್ತದೆ.

ನಮ್ಮ ವರದಿಯಲ್ಲಿ ಈ ಯಾವ ಗೆರೆಯೂ ಇರಲಿಲ್ಲ. ಗೆರೆ ಎಳೆದು ನೋಡಿದಾಗ ಚಿತ್ರ ಬೇರೆಯೇ ಆಯಿತು. ಟಿಕೆಟ್ ಏರಿದ್ದು ಬಹುಪಾಲು ಹಗಲು ಪ್ರವಾಸಿಗರಿಂದ. ನಮ್ಮ ದೇಶದ ರಾಷ್ಟ್ರೀಯ ಪ್ರವಾಸ ಸಮೀಕ್ಷೆಯ ಪ್ರಕಾರ ತಂಗುವ ಪ್ರವಾಸಗಳೂ ಏರಿದ್ದವು, ಆದರೆ ಪ್ರತಿ ಪ್ರವಾಸದ ರಾತ್ರಿಗಳು ಕಡಿಮೆಯಾಗಿದ್ದವು.

ಇದು ಲಾಡ್ಜಿಗೆ ಹೇಗೆ ಹೊಡೆತ ಕೊಡುತ್ತದೆ ಎಂಬುದನ್ನು ಸಮಿತಿಗೆ ತಿಳಿಸಲು ನಾನು ಬಳಸಿದ ಲೆಕ್ಕ ಹೀಗಿತ್ತು. ಮೊದಲು 100 ಪ್ರವಾಸಗಳು, ತಲಾ 3 ರಾತ್ರಿ ಎಂದುಕೊಳ್ಳಿ. ಒಟ್ಟು 300 ರಾತ್ರಿ. ಈಗ 130 ಪ್ರವಾಸಗಳು, ತಲಾ 2 ರಾತ್ರಿ, ಒಟ್ಟು 260. ಪ್ರವಾಸ ಶೇಕಡಾ 30ರಷ್ಟು ಏರಿತು ಎಂದು ವರದಿ ಸಂಭ್ರಮಿಸುತ್ತದೆ. ಕೋಣೆಗಳು ತುಂಬಿದ ರಾತ್ರಿಗಳು ಶೇಕಡಾ 13ರಷ್ಟು ಇಳಿದಿರುತ್ತವೆ. ಎರಡೂ ಮಾತು ನಿಜ.

ಮಾಲೀಕರು ಇದಕ್ಕೆ ಇನ್ನೊಂದು ಪದರ ಸೇರಿಸಿದರು. ಆ ಮಹಡಿಯ ಬಾಗಿಲ ಬಳಿ ಒಗೆಯಲು ಕಟ್ಟಿಟ್ಟಿದ್ದ ಹಾಸು ಹೊದಿಕೆಗಳ ಗಂಟುಗಳನ್ನು ತೋರಿಸಿ ಅವರು ಹೇಳಿದ್ದು ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿರಲಿಲ್ಲ: “ನಾಲ್ಕು ರಾತ್ರಿ ಇದ್ದವರು ಹೋದ ಮೇಲೂ ಕೋಣೆಯನ್ನು ಒಮ್ಮೆ ಪೂರ್ತಿ ಶುಚಿ ಮಾಡಬೇಕು. ಒಂದೇ ರಾತ್ರಿ ಇದ್ದವರು ಹೋದ ಮೇಲೂ ಅಷ್ಟೇ ಕೆಲಸ. ಬಾಡಿಗೆ ಮಾತ್ರ ಕಾಲು ಭಾಗ.” ಅಂದರೆ 260 ರಾತ್ರಿಗಳ ಆದಾಯಕ್ಕೆ 130 ಬಾರಿ ಕೋಣೆ ಸಿದ್ಧಪಡಿಸಬೇಕು, ಹಿಂದೆ 300 ರಾತ್ರಿಗಳಿಗೆ 100 ಬಾರಿ ಸಾಕಾಗಿತ್ತು. ಆದಾಯ ಇಳಿದು, ಖರ್ಚು ಏರಿತ್ತು. ಮೇಲಿನ ಮಹಡಿಗೆ ಜನ ಬರುತ್ತಿರಲಿಲ್ಲ ಎಂದಲ್ಲ. ಶನಿವಾರ ಒಂದು ದಿನಕ್ಕಾಗಿ ಅದನ್ನು ತೆರೆದಿಟ್ಟುಕೊಳ್ಳುವುದು ಕೈ ಕಚ್ಚುತ್ತಿತ್ತು.

ಇನ್ನೆರಡು ತೊಡಕುಗಳಿದ್ದವು. ಮೊದಲನೆಯದು ಹೋಲಿಕೆಯ ವರ್ಷ. 2019ರಲ್ಲಿ ಜಗತ್ತಿನ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಸುಮಾರು 146 ಕೋಟಿ ಇದ್ದದ್ದು, ಕೋವಿಡ್‌ನ 2020ರಲ್ಲಿ ಸುಮಾರು 40 ಕೋಟಿಗೆ ಕುಸಿದಿತ್ತು. 2024ರ ಹೊತ್ತಿಗೆ ಮತ್ತೆ 140 ಕೋಟಿಯ ಆಸುಪಾಸಿಗೆ ಬಂತು. ಆ ಕುಸಿತದ ವರ್ಷಗಳೊಂದಿಗೆ ಹೋಲಿಸಿದರೆ ಯಾವ ಪ್ರದೇಶವೂ ಗೆದ್ದಂತೆಯೇ ಕಾಣುತ್ತದೆ. ನಮ್ಮ ವರದಿಯ ನಕ್ಷೆ ಅಂಥ ತಗ್ಗಿನಿಂದಲೇ ಶುರುವಾಗಿತ್ತು. ಎರಡನೆಯದು, ನಾವು ನೆಚ್ಚಿಕೊಂಡಿದ್ದ ರಾಷ್ಟ್ರೀಯ ಸಮೀಕ್ಷೆ ನಡುವೆ ತನ್ನ ವಿಧಾನವನ್ನು ಬದಲಿಸಿತ್ತು. ಬ್ರಿಟನ್ನಿನಲ್ಲಿಯೂ ಹೀಗೆಯೇ ಆಗಿದೆ: 2019ರವರೆಗೆ ಮನೆಮನೆಗೆ ಹೋಗಿ ಕೇಳುತ್ತಿದ್ದ ದೇಶೀಯ ಪ್ರವಾಸ ಸಮೀಕ್ಷೆ 2021ರಿಂದ ಆನ್‌ಲೈನ್ ಆಯಿತು, ಹಳೆಯ ಸಂಖ್ಯೆಗಳ ಪಕ್ಕದಲ್ಲಿ ಹೊಸದನ್ನು ನೇರವಾಗಿ ಇಟ್ಟು ನೋಡಬಾರದು ಎಂದು ಅದನ್ನು ನಡೆಸುವವರೇ ಎಚ್ಚರಿಸಿದರು. ನಮ್ಮ ಸಮೀಕ್ಷೆಯಲ್ಲೂ ಅಂಥದ್ದೇ ಎಚ್ಚರಿಕೆ ಅಡಿಟಿಪ್ಪಣಿಯಲ್ಲಿತ್ತು. ನಾನು ಅದನ್ನು ಓದಿದ್ದೆ. ನಕ್ಷೆಯಲ್ಲಿ ಮಾತ್ರ ಎರಡು ತುಂಡುಗಳನ್ನು ಒಂದೇ ಗೆರೆಯಾಗಿ ಜೋಡಿಸಿದ್ದೆ.

ಮೊದಲ ಪ್ರಯತ್ನ

ಸಮಿತಿ ಸಮಸ್ಯೆಯನ್ನು ಒಪ್ಪಿಕೊಂಡಿತು, ಅದು ಸಣ್ಣ ಮಾತಲ್ಲ. ಪರಿಹಾರಕ್ಕೆ ಬಂದಾಗ ಹಳೆಯ ಅಭ್ಯಾಸ ಮೇಲುಗೈ ಪಡೆಯಿತು. ‘ರಾತ್ರಿ ತಂಗಬೇಕಾದರೆ ರಾತ್ರಿ ಕಾರ್ಯಕ್ರಮ ಬೇಕು’ ಎಂಬ ಮಾತು ಬಂತು, ಶನಿವಾರ ಸಂಜೆಗಳಿಗೆ ಕೆರೆಯ ದಂಡೆಯಲ್ಲಿ ದೊಡ್ಡ ಉತ್ಸವ ನಿಗದಿಯಾಯಿತು.

ಜನಸಾಗರ ಬಂತು. ಫೋಟೋಗಳು ಚೆನ್ನಾಗಿ ಬಂದವು. ಆದರೆ ಶನಿವಾರ ಕೋಣೆಗಳು ಉತ್ಸವವಿಲ್ಲದೆಯೂ ತುಂಬುತ್ತಿದ್ದವು. ತುಂಬಿದ ಕೊಡಕ್ಕೇ ನೀರು ಹೊಯ್ದಂತಾಯಿತು. ಕೋಣೆ ಸಿಗದವರು ಕಾರ್ಯಕ್ರಮ ಮುಗಿಸಿ ಕತ್ತಲಲ್ಲಿ ಗಾಡಿ ಓಡಿಸಿಕೊಂಡು ಮನೆಗೆ ಮರಳಿದರು. ಹೊಸ ರಸ್ತೆ ಅದಕ್ಕೆ ಅನುವು ಮಾಡಿಕೊಟ್ಟಿತ್ತು. ಇದಕ್ಕಿಂತ ಕೆಟ್ಟದ್ದೆಂದರೆ, ಗದ್ದಲಕ್ಕೆ ಬೇಸತ್ತು, ಪ್ರತಿ ವರ್ಷ ಒಂದು ವಾರ ಬಂದು ಉಳಿಯುತ್ತಿದ್ದ ಕೆಲವು ಹಳೆಯ ಅತಿಥಿಗಳು ಆ ವರ್ಷ ಬುಕಿಂಗ್ ರದ್ದು ಮಾಡಿದರು. ಇದು ನಮ್ಮ ಯಾವ ಪಟ್ಟಿಯಲ್ಲೂ ದಾಖಲಾಗಲಿಲ್ಲ. ಲಾಡ್ಜಿನವರು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಗೋಡೆಯ ಕ್ಯಾಲೆಂಡರ್

ಈ ಪ್ರಕರಣದ ತಿರುವು ಯಾವುದೆಂದು ಕೇಳಿದರೆ ನಾನು ಒಂದು ಕ್ಯಾಲೆಂಡರನ್ನು ನೆನಪಿಸಿಕೊಳ್ಳುತ್ತೇನೆ. ಉತ್ಸವದ ಲೆಕ್ಕ ಒಪ್ಪಿಸುವ ಸಭೆಗೆ ಸಣ್ಣ ವಸತಿಗೃಹ ನಡೆಸುವ ಒಬ್ಬ ಮಹಿಳೆ ತಮ್ಮ ಕೌಂಟರಿನ ಹಿಂದಿನ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಕಳಚಿ ತಂದಿದ್ದರು. ತುಂಬಿದ ಪ್ರತಿ ಕೋಣೆಗೆ ಆಯಾ ತಾರೀಖಿನ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು. ಶನಿವಾರದ ಸಾಲು ಮೇಲಿನಿಂದ ಕೆಳಗೆ ಕಪ್ಪಗಿತ್ತು. ಶುಕ್ರವಾರ ಅರೆಬರೆ. ಭಾನುವಾರದಿಂದ ಗುರುವಾರದವರೆಗಿನ ಚೌಕಗಳು ಹಾಳೆಯ ಬಣ್ಣದಲ್ಲೇ ಉಳಿದಿದ್ದವು. ಎಲ್ಲೋ ಒಂದು ಮಂಗಳವಾರದ ಚೌಕದಲ್ಲಿ ಒಂಟಿ ಗೀಟು, ಅದರ ಪಕ್ಕದಲ್ಲೇ ಬುಧವಾರಕ್ಕೂ ಒಂದು. ಆ ಇಬ್ಬರು ಯಾರು ಎಂದು ಅಧ್ಯಕ್ಷರು ಕೇಳಿದರು. “ನಿವೃತ್ತ ದಂಪತಿ ಸರ್. ಸೂರ್ಯೋದಯಕ್ಕೆ ಕೋಟೆ ಹತ್ತಬೇಕು ಎಂದು ಬಂದಿದ್ದರು. ಬಾಗಿಲು ಒಂಬತ್ತಕ್ಕೆ ತೆರೆಯುತ್ತದೆ ಎಂದು ತಿಳಿದು ಬೇಸರಪಟ್ಟುಕೊಂಡರು.”

ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನಾನು ತಯಾರಿಸಿ ತಂದಿದ್ದ ನಕ್ಷೆಗಳು ಹೇಳದ ಎರಡು ವಿಷಯಗಳನ್ನು ಆ ಹಾಳೆ ಹೇಳಿತ್ತು. ಖಾಲಿ ಇರುವುದು ವಾರದ ನಡುವಿನ ದಿನಗಳು. ಆ ದಿನಗಳಲ್ಲಿ ಬರಬಲ್ಲವರಿಗೆ ಉಳಿಯಲು ಒಂದು ಕಾರಣ ಬೇಕು, ಆ ಕಾರಣಕ್ಕೆ ನಾವೇ ಬೀಗ ಹಾಕಿಟ್ಟಿದ್ದೆವು.

ಅಂದು ಸಮಿತಿ ತೆಗೆದುಕೊಂಡ ನಿರ್ಧಾರ ಧೈರ್ಯದ್ದು ಎಂದೇ ನನ್ನ ಅಭಿಪ್ರಾಯ. ತನ್ನ ಗುರಿಯನ್ನು ‘ಪ್ರವಾಸಿಗರ ಸಂಖ್ಯೆ’ಯಿಂದ ‘ಭಾನುವಾರದಿಂದ ಗುರುವಾರದವರೆಗಿನ ತಂಗುವ ರಾತ್ರಿಗಳು’ ಎಂದು ಬದಲಿಸಿಕೊಂಡಿತು. ಅನುದಾನದ ನಿಯಮ ಇನ್ನೂ ಹಳೆಯದೇ ಇತ್ತು. ಅಂದರೆ ಹಣ ತರುವ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಜನರ ಬದುಕು ನಿಂತಿರುವ ಸಂಖ್ಯೆಯ ಬೆನ್ನು ಹತ್ತಲು ಅದು ಒಪ್ಪಿತ್ತು.

ರಾತ್ರಿಗಳನ್ನು ಎಣಿಸುವುದಕ್ಕೆ ಇನ್ನೊಂದು ಅನುಕೂಲವೂ ಇದೆ. ಒಬ್ಬರು ಒಂದೇ ಪ್ರವಾಸದಲ್ಲಿ ಎರಡು ಪ್ರದೇಶಗಳಿಗೆ ಹೋದರೆ ದೇಶದ ಲೆಕ್ಕದಲ್ಲಿ ಅದು ಒಂದು ಪ್ರವಾಸ. ಪ್ರದೇಶಗಳ ಲೆಕ್ಕವನ್ನು ಕೂಡಿಸಿದರೆ ಎರಡು. ಆದ್ದರಿಂದ ಪ್ರದೇಶಗಳ ಪ್ರವಾಸಗಳನ್ನೆಲ್ಲ ಕೂಡಿಸಿದರೂ ದೇಶದ ಮೊತ್ತ ಬರುವುದಿಲ್ಲ, ಅದನ್ನು ಮೀರುತ್ತದೆ. ಒಂದು ರಾತ್ರಿಯನ್ನು ಯಾರೂ ಎರಡು ಕಡೆ ಕಳೆಯಲಾರರು. ರಾತ್ರಿಗಳ ಲೆಕ್ಕ ಕೂಡುತ್ತದೆ.

ಎರಡನೆಯ ಪ್ರಯತ್ನ

ಕೋಟೆಯ ಬಾಗಿಲನ್ನು ವಾರದ ನಡುವಿನ ದಿನಗಳಲ್ಲಿ ಸೂರ್ಯೋದಯಕ್ಕೆ ಮುಂಚೆ ತೆರೆಯಲು ಅನುಮತಿ ಪಡೆಯುವುದೇ ಮೊದಲ ಕೆಲಸವಾಯಿತು, ತಿಂಗಳುಗಳು ಹಿಡಿದದ್ದೂ ಅದಕ್ಕೇ. ಕಾವಲುಗಾರರ ಪಾಳಿ, ದೀಪ, ಅಪಘಾತವಾದರೆ ಹೊಣೆ ಯಾರದು, ಪ್ರತಿಯೊಂದಕ್ಕೂ ಪತ್ರ. ಇನ್ನೊಂದೆಡೆ ಗೈಡುಗಳು ಕೆರೆಯಂಚಿನಲ್ಲಿ ಮುಸ್ಸಂಜೆಯ ಹಕ್ಕಿ ವೀಕ್ಷಣೆ ಆರಂಭಿಸಿದರು. ಈ ಎರಡರಲ್ಲಿ ಒಂದು ಸಂಜೆ ಮುಗಿಯುತ್ತದೆ, ಇನ್ನೊಂದು ಮುಂಜಾವದಲ್ಲಿ ಶುರುವಾಗುತ್ತದೆ. ಎರಡೂ ಬೇಕೆಂದವರು ನಡುವಿನ ರಾತ್ರಿ ಉಳಿಯಲೇಬೇಕು. ಯೋಜನೆಯ ತಿರುಳು ಇಷ್ಟೇ.

ವಸತಿಗೃಹಗಳವರು ವಾರದ ನಡುವೆ ಎರಡನೆಯ ರಾತ್ರಿಯ ಬಾಡಿಗೆಯಲ್ಲಿ ರಿಯಾಯಿತಿ ಕೊಡಲು ಒಪ್ಪಿದರು. ಮೊದಲ ರಾತ್ರಿಗೆ ರಿಯಾಯಿತಿ ಬೇಡ ಎಂದು ಪಟ್ಟು ಹಿಡಿದವರು ಹಾಸು ಹೊದಿಕೆಯ ಗಂಟು ತೋರಿಸಿದ ಅದೇ ಮಾಲೀಕರು. ಅವರ ವಾದ ಸರಿಯಾಗಿತ್ತು: ಎರಡನೆಯ ರಾತ್ರಿಗೆ ಕೋಣೆಯನ್ನು ಮತ್ತೆ ಮೊದಲಿನಿಂದ ಸಿದ್ಧಪಡಿಸುವ ಖರ್ಚಿಲ್ಲ, ಹಾಗಾಗಿ ಅಲ್ಲಿ ಬಿಟ್ಟುಕೊಡಲು ಅವಕಾಶವಿದೆ.

ನನ್ನ ಪಾಲಿನ ಕೆಲಸ ಎಣಿಕೆ. ಒಪ್ಪಿದ ವಸತಿಗೃಹಗಳಿಂದ ಪ್ರತಿ ವಾರ ಮೂರೇ ಅಂಕಿ ಕೇಳಿದೆ: ದಿನವಾರು ತುಂಬಿದ ಕೋಣೆ, ಬಂದ ಅತಿಥಿಗಳು, ಉಳಿದ ರಾತ್ರಿಗಳು. ಹೆಸರು, ಬಾಡಿಗೆ, ಆದಾಯ ಕೇಳಲಿಲ್ಲ. ಆದಾಯ ಕೇಳಿದ್ದರೆ ಒಬ್ಬರೂ ಕೊಡುತ್ತಿರಲಿಲ್ಲ.

ಕೈಬಿಡಬೇಕೆಂಬ ಸಭೆ

ಮೊದಲ ವರ್ಷ ಮುಗಿದಾಗ ರಾಷ್ಟ್ರೀಯ ಸಮೀಕ್ಷೆಯ ಫಲಿತಾಂಶ ಬಂತು. ನಮ್ಮ ಪ್ರದೇಶದ ತಂಗುವ ಪ್ರವಾಸಗಳು ಇಳಿದಿವೆ ಎಂದು ಅದು ಹೇಳಿತು. ಸಮಿತಿಯಲ್ಲಿ ಯೋಜನೆ ನಿಲ್ಲಿಸುವ ಪ್ರಸ್ತಾವ ತಕ್ಷಣ ಬಂತು. ಉತ್ಸವವೇ ವಾಸಿ, ಜನರಾದರೂ ಬರುತ್ತಿದ್ದರು ಎಂದು ಕೆಲವರು ವಾದಿಸಿದರು.

ನಾನು ಮಾದರಿಯ ಗಾತ್ರದ ಮಾತೆತ್ತಿದೆ. ಇಡೀ ದೇಶಕ್ಕೆ ಸಾವಿರಾರು ಮಂದಿಯನ್ನು ಕೇಳುವ ಸಮೀಕ್ಷೆಯಲ್ಲಿ ಒಂದು ಸಣ್ಣ ಪ್ರದೇಶಕ್ಕೆ ಬಂದವರು ಬೆರಳೆಣಿಕೆಯಷ್ಟೇ ಸಿಗುತ್ತಾರೆ. ಒಂದು ಪ್ರದೇಶದ ಅಂದಾಜು 100 ಪ್ರವಾಸಗಳ ದಾಖಲೆಯ ಮೇಲೆ ನಿಂತಿದೆ ಎಂದುಕೊಳ್ಳಿ. ಯಾರನ್ನು ಕೇಳಿದರು ಎಂಬ ಆಕಸ್ಮಿಕದಿಂದಲೇ ಆ ಅಂದಾಜು ಸುಮಾರು ಶೇಕಡಾ 20ರಷ್ಟು ಮೇಲಕ್ಕೋ ಕೆಳಕ್ಕೋ ಸರಿಯಬಹುದು. ಎರಡು ವರ್ಷಗಳನ್ನು ಹೋಲಿಸುವಾಗ ಎರಡರ ಅಲುಗಾಟವೂ ಸೇರಿ ಆ ವ್ಯಾಪ್ತಿ ಶೇಕಡಾ 28ರ ಹತ್ತಿರ ಬರುತ್ತದೆ. ಈ ಅಲುಗಾಟವನ್ನು ಅರ್ಧಕ್ಕೆ ಇಳಿಸಬೇಕೆಂದರೆ ನಾಲ್ಕು ಪಟ್ಟು ದಾಖಲೆಗಳು ಬೇಕು. ನಮ್ಮ ಇಳಿಕೆ ಆ ವ್ಯಾಪ್ತಿಯೊಳಗೇ ಇತ್ತು. ಅದು ನಿಜವಾದ ಇಳಿಕೆಯೂ ಆಗಿರಬಹುದು, ಆಗಿರದೆಯೂ ಇರಬಹುದು. ಅದನ್ನು ಹಿಡಿದು ಯೋಜನೆಯನ್ನು ಕೊಲ್ಲುವುದು ಸರಿಯಲ್ಲ ಎಂದೆ.

ಆಗ ಒಬ್ಬ ಸದಸ್ಯರು ಹಿಂದಿನ ವರದಿಯನ್ನು ತೆರೆದು ನನ್ನ ಮುಂದಿಟ್ಟರು. “ಎರಡು ವರ್ಷದ ಹಿಂದೆ ಇದೇ ಸಮೀಕ್ಷೆಯ ಏರಿಕೆಯನ್ನು ನೀವೇ ದೊಡ್ಡದಾಗಿ ಬರೆದಿದ್ದೀರಿ. ಅಂದು ಮಾದರಿ ಚಿಕ್ಕದಾಗಿರಲಿಲ್ಲವೇ?” ಅವರ ಪ್ರಶ್ನೆ ನ್ಯಾಯವಾದದ್ದು. ಅಂದೂ ಚಿಕ್ಕದೇ ಆಗಿತ್ತು ಎಂದು ಒಪ್ಪಿಕೊಂಡೆ. ಏರಿಕೆ ಬಂದಾಗ ಮುಚ್ಚಿಟ್ಟ ಅನಿಶ್ಚಿತತೆಯನ್ನು ಇಳಿಕೆ ಬಂದಾಗ ಮಾತ್ರ ಬಿಚ್ಚಿಟ್ಟರೆ ಯಾರೂ ನಂಬುವುದಿಲ್ಲ. ಈ ಪ್ರಕರಣದಲ್ಲಿ ನನ್ನ ಅತಿ ದೊಡ್ಡ ತಪ್ಪು ಅದು, ಯೋಜನೆ ಆ ದಿನ ಬಹುತೇಕ ಸತ್ತೇಹೋಗಿತ್ತು.

ಅದನ್ನು ಉಳಿಸಿದ್ದು ವಸತಿಗೃಹಗಳ ವಾರದ ಅಂಕಿಗಳು. ಅವುಗಳಲ್ಲಿ ವಾರದ ನಡುವಿನ ರಾತ್ರಿಗಳು ನಿಧಾನವಾಗಿ, ಆದರೆ ತಿಂಗಳಿಂದ ತಿಂಗಳಿಗೆ ಒಂದೇ ದಿಕ್ಕಿನಲ್ಲಿ ಏರಿದ್ದವು. ಕೋಟೆ ಬೆಳಿಗ್ಗೆ ಬೇಗ ತೆರೆದ ತಿಂಗಳಿನಿಂದಲೇ ಏರಿಕೆ ಶುರುವಾಗಿತ್ತು. ಸಮಿತಿ ಇನ್ನೊಂದು ವರ್ಷದ ಕಾಲಾವಕಾಶ ಕೊಟ್ಟಿತು. ಜೊತೆಗೆ ಒಂದು ಷರತ್ತು ಹಾಕಿತು: ಮುಂದಿನ ವರದಿಗಳಲ್ಲಿ ಸಮೀಕ್ಷೆಯ ಯಾವ ಸಂಖ್ಯೆಯೂ ಅದರ ಅಲುಗಾಟದ ವ್ಯಾಪ್ತಿಯಿಲ್ಲದೆ ಒಂಟಿಯಾಗಿ ಅಚ್ಚಾಗಬಾರದು, ಏರಲಿ ಇಳಿಯಲಿ. ಆ ಷರತ್ತಿಗೆ ನಾನು ಇಂದಿಗೂ ಋಣಿ.

ಏನಾಯಿತು

ಎರಡನೆಯ ವರ್ಷದ ಕೊನೆಗೆ ಒಟ್ಟು ಪ್ರವಾಸಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ನಮಗೆ ವಾರದ ಅಂಕಿ ಕೊಡುತ್ತಿದ್ದ ವಸತಿಗೃಹಗಳಲ್ಲಿ ಸರಾಸರಿ ವಾಸ್ತವ್ಯ ಉದ್ದವಾಗಿತ್ತು, ಮಂಗಳವಾರ ಮತ್ತು ಬುಧವಾರದ ಚೌಕಗಳಲ್ಲಿ ಗೀಟುಗಳು ಕಾಣತೊಡಗಿದ್ದವು. ಬಂದವರಲ್ಲಿ ನಿವೃತ್ತರು, ಇನ್ನೂ ಶಾಲೆಗೆ ಹೋಗದ ಮಕ್ಕಳ ಪೋಷಕರು, ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚು. ಶನಿವಾರದ ಮೇಲೆ ಕಣ್ಣಿಟ್ಟಿದ್ದಷ್ಟು ಕಾಲ ಇವರಾರೂ ನಮ್ಮ ಗಮನಕ್ಕೇ ಬಂದಿರಲಿಲ್ಲ.

ಈ ಫಲಿತಾಂಶವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಹೇಳಬೇಕು. ಅಂಕಿ ಕೊಡಲು ಒಪ್ಪಿದವರು ಮೊದಲೇ ಅಚ್ಚುಕಟ್ಟಾಗಿ ವ್ಯವಹಾರ ನಡೆಸುತ್ತಿದ್ದವರು. ಅವರ ಏರಿಕೆಯನ್ನು ಇಡೀ ಪ್ರದೇಶಕ್ಕೆ ಹಿಗ್ಗಿಸಿ ಹೇಳಲಾಗದು. ನೆಂಟರಿಷ್ಟರ ಮನೆಯಲ್ಲಿ ತಂಗುವವರು ವಸತಿಗೃಹದ ಪುಸ್ತಕದಲ್ಲಿ ಇರುವುದೇ ಇಲ್ಲ, ಅವರನ್ನು ಹಿಡಿಯಬಲ್ಲದ್ದು ಮನೆಮಂದಿಯನ್ನು ಕೇಳುವ ಸಮೀಕ್ಷೆಯೊಂದೇ. ಹೀಗಾಗಿ ನಾವು ಸಮೀಕ್ಷೆಯನ್ನು ಕೈಬಿಡಲಿಲ್ಲ. ಒಂದೊಂದೇ ವರ್ಷವನ್ನು ನೋಡುವುದನ್ನು ಬಿಟ್ಟು ಮೂರು ವರ್ಷಗಳ ಸರಾಸರಿಯನ್ನು ಇಟ್ಟುಕೊಂಡೆವು. ದಿಕ್ಕು ತಿಳಿಯಲು ಅದು, ಈ ವಾರ ಏನು ಮಾಡಬೇಕೆಂದು ತಿಳಿಯಲು ವಸತಿಗೃಹದ ಪುಸ್ತಕ. ವಿಧಾನ ಬದಲಾದ ವರ್ಷದಲ್ಲಿ ನಕ್ಷೆಯ ಗೆರೆಯನ್ನು ಕತ್ತರಿಸಿ, ನಡುವೆ ಜಾಗ ಬಿಟ್ಟೆವು.

ಇಂಥದ್ದೇ ಕೆಲಸ ಮಾಡುವವರಿಗೆ ನಾನು ಒತ್ತಿ ಹೇಳುವುದು ಇದನ್ನು: ಯಾವ ಸಂಖ್ಯೆಯನ್ನು ಗುರಿಯಾಗಿಸುತ್ತೀರೋ ಅದಕ್ಕೆ ತಕ್ಕ ಪರಿಹಾರಗಳೇ ಹೊಳೆಯುತ್ತವೆ. ತಲೆ ಎಣಿಸುತ್ತಿದ್ದಾಗ ನಮಗೆ ಉತ್ಸವ ಹೊಳೆಯಿತು. ರಾತ್ರಿ ಎಣಿಸತೊಡಗಿದಾಗ ಕೋಟೆಯ ಬಾಗಿಲು ಕಂಡಿತು. ರಸ್ತೆ ಬರುವ ಮುಂಚೆಯೇ ವಾಸ್ತವ್ಯದ ಅವಧಿಯನ್ನು ದಾಖಲಿಸುತ್ತಾ ಬಂದಿದ್ದರೆ ಆ ಇಳಿಕೆ ಮೊದಲ ವರ್ಷವೇ ಕಾಣುತ್ತಿತ್ತು, ಆ ಮಹಡಿಗೆ ಬೀಗ ಬೀಳುವವರೆಗೆ ಕಾಯಬೇಕಿರಲಿಲ್ಲ. ನಿಮ್ಮ ಕಡೆ ರಸ್ತೆಯೋ ರೈಲೋ ಬರಲಿದ್ದರೆ ಇಂದೇ ಎಣಿಸಲು ಶುರು ಮಾಡಿ.

ಅನುದಾನದ ನಿಯಮವನ್ನು ಬದಲಿಸಲು ನಾವು ಬರೆದ ಮನವಿಗೆ ಈವರೆಗೆ ಉತ್ತರ ಬಂದಿಲ್ಲ.

ಲಾಡ್ಜಿನ ಮೇಲಿನ ಮಹಡಿಯಲ್ಲಿ ರಸ್ತೆಗೆ ಮುಖ ಮಾಡಿರುವ ಕೋಣೆಗಳು ಮತ್ತೆ ತೆರೆದಿವೆ. ಹಿಂಬದಿಯವು ಇನ್ನೂ ಮುಚ್ಚಿವೆ. ಕ್ಯಾಲೆಂಡರ್ ತಂದಿದ್ದ ಮಹಿಳೆ ಈಗ ಪ್ರತಿ ಸಭೆಗೂ ಅದನ್ನು ತರುತ್ತಾರೆ. ಕಳೆದ ಬಾರಿ ಅವರು ಮೇಜಿನ ಮೇಲೆ ಹಾಳೆ ಹರಡಿ, ಮಂಗಳವಾರ ಬುಧವಾರಗಳನ್ನು ದಾಟಿ, ಎಡತುದಿಯ ಸಾಲಿನ ಮೇಲೆ ಬೆರಳಿಟ್ಟರು. ಭಾನುವಾರದ ರಾತ್ರಿಗಳಲ್ಲಿ ಇನ್ನೂ ಒಂದು ಗೀಟೂ ಇಲ್ಲ.